ಬಾಯಿಬಡುಕಿ: ಇದನ್ನೂ ನೋಡಿ

ದಪ್ಪ ದಪ್ಪ ಪುಸ್ತಕಗಳ ಕೊನೆಯಲ್ಲಿ ಸಣ್ಣ ಅಕ್ಷರದ ಕೆಲವು ಪುಟಗಳಿರುತ್ತವೆ. ಯಾವ ಪದ ಯಾವ ಪುಟದಲ್ಲಿ ಬಂದಿದೆ ಎಂದು ಹೇಳುವ ಪದಸೂಚಿ ಅದು. ಅದನ್ನು ಯಾರೋ ಒಬ್ಬರು ಕೂತು, ಬೆನ್ನು ಬಗ್ಗಿಸಿ ಮಾಡಿರುತ್ತಾರೆ ಎಂಬುದು ಓದುವವರಿಗೆ ಹೊಳೆಯುವುದೇ ಇಲ್ಲ. ಪುಸ್ತಕದ ಬುಡದಲ್ಲಿ ತಾನಾಗಿ ಮೊಳೆತದ್ದು ಎಂದುಕೊಂಡಿರುತ್ತಾರೆ, ಪುಣ್ಯಾತ್ಮರು! ಈ ಕಥೆಯ ಹೆಂಗಸು ಆ ಕೆಲಸದವಳು. ಇಪ್ಪತ್ತೆರಡು ವರ್ಷದಿಂದ ಪಂಡಿತರ ಪುಸ್ತಕಗಳಿಗೆ ಬಾಲ ಕಟ್ಟುತ್ತಾ ಬಂದಿದ್ದಾಳೆ. ಪ್ರಕಾಶನದಲ್ಲಿ ಎಲ್ಲರೂ ಅವಳನ್ನು ಸೂಚಿಯಮ್ಮ ಎಂದೇ ಕರೆಯುತ್ತಾರೆ.

ಆ ದಿನ ಬೆಳಿಗ್ಗೆ ಆರೂವರೆಗೆ ಸೂಚಿಯಮ್ಮ ತನ್ನ ಕೆಲಸದ ಕೋಣೆಯ ಬಾಗಿಲು ತೆಗೆದವಳೇ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಮೇಜಿನ ಮೇಲೆ ಅವಳು ಐದು ಪೆಟ್ಟಿಗೆ ಇಟ್ಟಿದ್ದಳು, ಚಪ್ಪಲಿ ಅಂಗಡಿಯಿಂದ ಬೇಡಿ ತಂದ ರಟ್ಟಿನ ಪೆಟ್ಟಿಗೆಗಳು. ಒಂದೊಂದರ ಮೇಲೆ ಒಂದೊಂದು ಹೆಸರು: ಸಂಸ್ಕೃತಿ, ಸಮಾಜ, ಕಾನೂನು, ತಂತ್ರಜ್ಞಾನ, ವೈದ್ಯಕೀಯ. ಪ್ರಕಾಶನದವರು ತಮ್ಮ ಐವತ್ತನೇ ವರ್ಷಕ್ಕೆಂದು ಆ ಸೀಮೆಯ ಚರಿತ್ರೆಯನ್ನು ಐದು ಸಂಪುಟಗಳಲ್ಲಿ ತರುತ್ತಿದ್ದರು. ಬರೆದವರು ಐವರು, ಒಬ್ಬರ ಮುಖ ಇನ್ನೊಬ್ಬರು ನೋಡಿದವರಲ್ಲ. ಸೂಚಿಯ ಹೊಣೆ ಮಾತ್ರ ಇವಳೊಬ್ಬಳದೇ. ಪುಸ್ತಕ ಓದುತ್ತಾ ಹೋಗುವುದು, ಒಂದೊಂದು ಪದಕ್ಕೆ ಒಂದೊಂದು ಚೀಟಿ ಬರೆಯುವುದು, ಮೂಲೆಯಲ್ಲಿ ಸಂಪುಟದ ಗುರುತು ಹಾಕುವುದು, ಆಯಾ ಪೆಟ್ಟಿಗೆಗೆ ಬಿಡುವುದು. ಹೀಗೆ ಮೂರು ಸಾವಿರಕ್ಕೂ ಮಿಕ್ಕಿ ಚೀಟಿ ಆಗಿದ್ದವು.

ಈಗಲೂ ಐದು ಪೆಟ್ಟಿಗೆಗಳಿದ್ದವು. ಆದರೆ ಹಳೆಯ ಹೆಸರುಗಳ ಮೇಲೆ ಹೊಸ ಕಾಗದ ಅಂಟಿತ್ತು. ಅ ಇಂದ ಔ. ಕ ಇಂದ ಞ. ಟ ಇಂದ ನ. ಪ ಇಂದ ಮ. ಯ ಇಂದ ಳ.

"ಚಿಕ್ಕಮ್ಮಾ!"

ಚಿಕ್ಕಮ್ಮ ಎಂದರೆ ಅವಳ ತಾಯಿಯ ತಂಗಿ. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದವಳು. ಕೈಗೆ ಕೆಲಸವಿಲ್ಲದೆ ಡಬ್ಬದ ಮುಚ್ಚಳಗಳನ್ನೂ ಅಳತೆ ಪ್ರಕಾರ ಜೋಡಿಸುವಂಥ ಜೀವ. ಕೈ ಒರೆಸಿಕೊಳ್ಳುತ್ತಾ ಬಂದಳು, ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

"ನೋಡಿದ್ಯಾ? ನಿನ್ನೆ ನೀನು ಪ್ರೆಸ್ಸಿಗೆ ಹೋದಾಗ ಕೂತ್ಕೊಂಡೆ, ಏಳೋ ಹೊತ್ತಿಗೆ ಸಂಜೆ ಆರು. ಐದು ಕಡೆ ಐದು 'ಅ' ಇಟ್ಕೊಂಡಿದ್ಯಲ್ಲೇ, ಯಾವ ಸೀಮೆ ಪದ್ಧತಿ ಅದು? ನಮ್ಮಾಫೀಸಲ್ಲಿ ಹಾಗೆ ಮಾಡಿದ್ರೆ ಒಂದು ಕಾಗದಾನೂ ಮನೆ ಸೇರ್ತಿರಲಿಲ್ಲ."

"ಅವು ಐದು ಬೇರೆ ಬೇರೆ ಪುಸ್ತಕ ಚಿಕ್ಕಮ್ಮಾ! ಕಾನೂನಿನ ಸೂಚಿ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಅಚ್ಚಿಗೆ ಹೋಗಬೇಕು. ಟೈಪ್ ಮಾಡಿದ್ದನ್ನ ಚೀಟಿ ಜೊತೆ ತಾಳೆ ನೋಡೋದು ಬಾಕಿ ಇದೆ. ಈಗ ಈ ಮೂರು ಸಾವಿರದಲ್ಲಿ ಎಲ್ಲಿ ಅಂತ ಹುಡುಕಲಿ?"

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಹಿಂದಿನ ಕೋಣೆಯಿಂದ ಅಪ್ಪನ ದನಿ ಬಂತು, ಮಧ್ಯೆ ಮಧ್ಯೆ ಉಸಿರಿಗೆ ನಿಲ್ಲುತ್ತಾ. "ಏನಂತೆ... ನಿಮ್ಮ ಚಿಕ್ಕಮ್ಮ... ಪಾಸಾ ಫೇಲಾ?"

ಅಪ್ಪನದು ಅದೊಂದು ಹಳೇ ಚಾಳಿ. ಚಹಾ ಕುಡಿದರೂ ಪಾಸಾ ಫೇಲಾ, ಮಳೆ ಬಂದರೂ ಪಾಸಾ ಫೇಲಾ. ಎಪ್ಪತ್ತು ತುಂಬಿದ ಮನುಷ್ಯ, ಎದೆ ಕುಲುಮೆಯ ಹಳೇ ತಿದಿಯ ಹಾಗೆ ಸುಂಯ್ ಎನ್ನುತ್ತದೆ, ಚಾಳಿ ಮಾತ್ರ ಬಿಟ್ಟಿಲ್ಲ.

ಬೈದು ಏನು ಮಾಡುವುದು? ಸೂಚಿಯಮ್ಮ ಸೆರಗು ಸಿಕ್ಕಿಸಿ ಕೂತಳು. ಕಾನೂನಿನ ಗುರುತಿರುವ ಚೀಟಿಗಳನ್ನು ಒಂದೊಂದಾಗಿ ಎತ್ತಿ ಬದಿಗಿಡತೊಡಗಿದಳು. ಚಿಕ್ಕಮ್ಮ ತಪ್ಪು ಮಾಡಿದ ಮಗುವಿನಂತೆ ಪಕ್ಕದಲ್ಲಿ ಕೂತು ಪೆಟ್ಟಿಗೆ ಬದಲಿಸಿಕೊಡುತ್ತಿದ್ದಳು. ಎರಡು ಪೆಟ್ಟಿಗೆ ಮುಗಿದವು, ಮೂರನೆಯದೂ ಮುಗಿಯಿತು. ನಾಲ್ಕನೆಯದರಲ್ಲಿ ಬ ಅಕ್ಷರಕ್ಕೆ ಬಂದಾಗ ಅವಳ ಕೈ ನಿಂತಿತು.

ಒಂದರ ಹಿಂದೆ ಒಂದರಂತೆ ಮೂರು ಚೀಟಿ. ಮೂರರ ಮೇಲೂ ಒಂದೇ ಪದ: ಬಾಯಿಬಡುಕಿ.

ಮೊದಲನೆಯದು ಕಾನೂನಿನದು. ಅವಳ ಕೈಬರಹವೇ. 'ಬಾಯಿಬಡುಕಿ, ಹತ್ತಿ ಹಿಂಜುವ ಯಂತ್ರ, ಗಿರಣಿ ಪ್ರಕರಣದಲ್ಲಿ, ಪುಟ 209.' ಆ ಚೀಟಿ ಬರೆದ ದಿನ ಅವಳು ಊಟ ಬಿಟ್ಟಿದ್ದಳು. ಯಾಕೆಂದರೆ ಆ ಗಿರಣಿ ಅವಳ ಅಪ್ಪ ದುಡಿದ ಗಿರಣಿ, ಆ ಪ್ರಕರಣ ಅವಳ ಅಪ್ಪ ಸೋತ ಪ್ರಕರಣ.

ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೂವತ್ತೆರಡು ವರ್ಷದ ಹಿಂದೆ ನೂಲಿನ ಗಿರಣಿಯ ಇಪ್ಪತ್ತಮೂರು ಜನ, ಹತ್ತಿಯ ದೂಳು ನಮ್ಮ ಎದೆ ತಿಂದಿತು ಎಂದು ಕೋರ್ಟಿಗೆ ಹೋದರು. ಹೊಗೆ ಸೇದಿ ಸೇದಿ ಹಾಳು ಮಾಡಿಕೊಂಡಿದ್ದಾರೆ ಎಂದರು ಮಾಲೀಕರು. ಅಪ್ಪ ಒಂದು ದಿನವೂ ಹೊಗೆ ಸೇದಿದವನಲ್ಲ. ಸಾಕ್ಷಿಕಟ್ಟೆ ಹತ್ತಿ ಹೇಳಿದ: "ಒಬ್ಬರು ಡಾಕ್ಟರಮ್ಮ ಬಂದಿದ್ರು ಸ್ವಾಮಿ. ನಮ್ಮೆಲ್ಲರ ಕೈಲೂ ಒಂದು ಕೊಳವೇಲಿ ಊದಿಸಿದ್ರು. ಪುಸ್ತಕದಲ್ಲಿ ಬರ್ಕೊಂಡ್ರು. ಅವರನ್ನ ಕೇಳಿ." ಎಷ್ಟು ಗಂಟೆಗೆ ಬಂದರು ಎಂದು ಕೇಳಿದರು. ನಾಲ್ಕೂ ಹತ್ತು ಎಂದ. ಗೇಟಿನ ಗಡಿಯಾರ ಕೆಟ್ಟು ವರ್ಷಗಟ್ಟಲೆ ನಾಲ್ಕೂ ಹತ್ತಕ್ಕೇ ನಿಂತಿತ್ತು ಎಂಬುದು ಆ ಗಾಬರಿಯಲ್ಲಿ ಅವನಿಗೆ ನೆನಪಾಗಲಿಲ್ಲ. ಮಾಲೀಕರ ವಕೀಲರು ಅದನ್ನು ಎತ್ತಿ ಆಡಿದಾಗ ಕೋರ್ಟಿಗೆ ಕೋರ್ಟೇ ನಕ್ಕಿತು. ಅಂಥ ಡಾಕ್ಟರು ಯಾರೂ ಬಂದೇ ಇಲ್ಲ ಎಂದು ಮಾಲೀಕರು ದಾಖಲೆ ತೋರಿಸಿದರು. ತೀರ್ಪಿನಲ್ಲಿ ಬರೆದರು: 'ಸಾಕ್ಷಿ ಹೇಳುವ ವೈದ್ಯೆ ಕಾಲ್ಪನಿಕ ವ್ಯಕ್ತಿ.' ಕಾನೂನು ಸಂಪುಟದ 212ನೇ ಪುಟದಲ್ಲಿ ಆ ಮಾತು ಹಾಗೇ ಇದೆ.

ಬೀದಿ ಸುಮ್ಮನಿರುತ್ತದೆಯೇ? ಬೀದಿ ತುದಿಯ ಕಟಿಂಗ್ ಶಾಪಿನವನು, ಅಪ್ಪನ ಬಾಲ್ಯದ ಗೆಳೆಯ, ಶುರು ಮಾಡಿದ. "ಏನಪ್ಪಾ, ಡಾಕ್ಟರಮ್ಮ ಬಂದ್ರಾ?" ಅಂಗಡಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಅವತ್ತಿನಿಂದ ಅಪ್ಪ ಹೊರಗೆ ಕಾಲಿಟ್ಟರೆ ಸಾಕು, ಅದೇ ಮಾತು. ಶಾಲೆಯಲ್ಲಿ ಮಗಳಿಗೂ ಅದೇ. ಅಪ್ಪ ಆ ಅಂಗಡಿ ಬಿಟ್ಟ. ಮೂರು ಬೀದಿ ಆಚೆ ಇನ್ನೊಂದು ಅಂಗಡಿಗೆ, ದಾರಿಯಲ್ಲಿ ನಾಲ್ಕು ಕಡೆ ಕೂತು ಸುಧಾರಿಸಿಕೊಂಡು, ಕ್ಷೌರಕ್ಕೆ ಹೋಗುತ್ತಾನೆ. ಮೂವತ್ತೆರಡು ವರ್ಷದಿಂದ!

ಅದಕ್ಕಿಂತ ಕೆಟ್ಟ ಸಂಗತಿ ಒಂದಿದೆ. ಮಗಳೂ ಅಪ್ಪನನ್ನು ಪೂರ್ತಿ ನಂಬಿರಲಿಲ್ಲ. ಬಾಯಿ ಬಿಟ್ಟು ಯಾವತ್ತೂ ಹೇಳಿರಲಿಲ್ಲ, ಆದರೆ ಅಪ್ಪನಿಗೆ ಅದು ಗೊತ್ತಿತ್ತು.

ಎರಡನೆಯ ಚೀಟಿ ತಂತ್ರಜ್ಞಾನದ್ದು, ಅದೂ ಅವಳದೇ ಬರಹ. 'ಬಾಯಿಬಡುಕಿ, ಗದ್ದಲಕ್ಕಾಗಿ ಕಾರ್ಮಿಕರು ಇಟ್ಟ ಹೆಸರು. ಇಡೀ ಸೀಮೆಯಲ್ಲಿ ಒಂದೇ ಗಿರಣಿಯಲ್ಲಿ ಇದ್ದದ್ದು, ಪುಟ 141.'

ಮೂರನೆಯದು ಹಸಿರು ಶಾಯಿ, ಓರೆ ಅಕ್ಷರ. ವೈದ್ಯಕೀಯ ಸಂಪುಟದ್ದು. ಆ ಸಂಪುಟವನ್ನು ಸೂಚಿಯಮ್ಮ ಓದಿಯೇ ಇರಲಿಲ್ಲ. ಅದರ ಲೇಖಕಿ ದೂರದ ಊರಿನ ಒಬ್ಬ ವಯಸ್ಸಾದ ವೈದ್ಯೆ, ಮಹಾ ಹಟಮಾರಿ. 'ನನ್ನ ಪುಸ್ತಕದ ಚೀಟಿ ನಾನೇ ಬರೆಯುತ್ತೇನೆ, ನೀವು ಜೋಡಿಸಿದರೆ ಸಾಕು' ಎಂದು ಪೆಟ್ಟಿಗೆ ತುಂಬ ಬರೆದು ಕಳಿಸಿದ್ದರು. ಅದರ ಸರದಿ ಇನ್ನೂ ಬಂದಿರಲಿಲ್ಲ.

'ಬಾಯಿಬಡುಕಿಯ ಮುಂದೆ ದುಡಿಯುವವರ ಉಸಿರು. 23 ಮಂದಿ, ಕೊಳವೆಯಲ್ಲಿ ಊದಿಸಿ ಅಳೆದದ್ದು, ಪುಟ 87–94.'

ಸೂಚಿಯಮ್ಮ ಆ ಚೀಟಿಯನ್ನು ಬೆಳಕಿಗೆ ಹಿಡಿದಳು. ಇಪ್ಪತ್ತಮೂರು ಮಂದಿ, ಅದೂ ಊದಿಸಿ ಅಳೆದದ್ದು! ಮೂರು ಚೀಟಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಓದಿದಳು. ಎದ್ದು ನಿಂತಳು. ಮತ್ತೆ ಕೂತು ಓದಿದಳು.

"ಚಿಕ್ಕಮ್ಮಾ, ನೀವು ದೇವರು!"

"ಈಗ ತಾನೇ ಬೈದ್ಯಲ್ಲೇ?"

"ಬೈದದ್ದು ವಾಪಸ್ಸು! ಆ ಫೋನ್ ಕೊಡಿ ಇಲ್ಲಿ. ಅಪ್ಪನಿಗೆ ಏನೂ ಹೇಳ್ಬೇಡಿ, ದಮ್ಮಯ್ಯ. ಸುಳ್ಳಾಗಿಬಿಟ್ರೆ ಅವರ ಎದೆ ತಡ್ಕೊಳಲ್ಲ."

ಕೋಣೆಯ ಬಾಗಿಲು ಹಾಕಿಕೊಂಡಳು. ವೈದ್ಯೆಯ ಹಳೆಯ ಪತ್ರದ ತಲೆಯಲ್ಲಿ ನಂಬರಿತ್ತು. ಎಂಟು ಸಲ ರಿಂಗಾದ ಮೇಲೆ ಎತ್ತಿದರು.

"ಯಾರು? ಪದಸೂಚಿಯವರಾ? ಚೀಟಿಯಲ್ಲಿ ತಪ್ಪಿದೆ ಅಂತೀರಾ? ಇರೋದಿಲ್ಲ."

"ತಪ್ಪಿಲ್ಲ ಡಾಕ್ಟರೇ. ಎಂಬತ್ತೇಳನೇ ಪುಟ. ಆ ಗಿರಣಿ ಯಾವುದು?"

"ಹೆಸರು ಹಾಕಕೂಡದು ಅಂತ ಆವಾಗಿನ ಕರಾರು. ಒಬ್ಬ ಹೊಸ ಮ್ಯಾನೇಜರು ಒಳಗೆ ಬಿಟ್ಟಿದ್ದ, ಅವನ ಕೆಲಸಾನೇ ಹೋಯ್ತು. ಮತ್ತೆ ಹೋದಾಗ ನನ್ನನ್ನ ಗೇಟಲ್ಲೇ ತಡೆದ್ರು. ಆಮೇಲೆ ನನಗೆ ವರ್ಗ ಆಯ್ತು. ಯಾಕೆ ಕೇಳ್ತೀರಾ?"

"ಗೇಟಿನ ಮೇಲೆ... ಗಡಿಯಾರ ಏನಾದ್ರೂ ಇತ್ತಾ?"

ಆ ಕಡೆ ಹಾಳೆ ಮಗುಚುವ ಸದ್ದು. "ಇತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿದೆ ನೋಡಿ. 'ಒಳಗೆ ಹೋದಾಗ ಗೇಟಿನ ಗಡಿಯಾರದಲ್ಲಿ ನಾಲ್ಕೂ ಹತ್ತು. ಅದು ನಿಂತ ಗಡಿಯಾರ. ನಿಜವಾದ ಹೊತ್ತು ಹನ್ನೊಂದೂ ಕಾಲು.'"

ಸೂಚಿಯಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತಾನಾಗಿ ಬಂತು, ಬಾಯಲ್ಲಿ ನಗು. "ಡಾಕ್ಟರೇ, ಆ ಇಪ್ಪತ್ತಮೂರು ಜನದಲ್ಲಿ ಯಾರಾದ್ರೂ... ಪಾಸಾ ಫೇಲಾ ಅಂತ ಕೇಳಿದ್ರಾ?"

ಮತ್ತೆ ಹಾಳೆ ಮಗುಚಿದ ಸದ್ದು. "ಹನ್ನೊಂದನೇ ನಂಬರು," ಎಂದರು ವೈದ್ಯೆ. ದನಿ ಬದಲಾಗಿತ್ತು. "ಮೂವತ್ತೆಂಟು ವರ್ಷ. ಹೊಗೆ ಸೇದಿದವನಲ್ಲ. ಊದಿ ಮುಗಿಸಿ, 'ಪಾಸಾ ಫೇಲಾ ಡಾಕ್ಟರಮ್ಮಾ' ಅಂದ. ಲೆಕ್ಕ ಹಾಕಿ ಬಂದು ಹೇಳ್ತೀನಿ ಅಂದಿದ್ದೆ. ನಿಮಗೆ ಹೇಗೆ ಗೊತ್ತು?"

"ಅವರು ನಮ್ಮಪ್ಪ."

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು, ಕೋರ್ಟು, ತೀರ್ಪು, ಕಟಿಂಗ್ ಶಾಪು. ಒಂದು ಪ್ರಕರಣ ನಡೆದಿತ್ತು ಎಂಬುದೇ ವೈದ್ಯೆಗೆ ತಿಳಿದಿರಲಿಲ್ಲ. "ಕಾಲ್ಪನಿಕ ಅಂದ್ರಾ? ನನ್ನನ್ನ? ನಾಳೆ ಬೆಳಿಗ್ಗೆ ಹತ್ತೂವರೆ ಬಸ್ಸಿಗೆ ಬರ್ತೀನಿ. ವಿಳಾಸ ಹೇಳಿ," ಎಂದು ಗುಡುಗಿದರು.

ಗಂಟೆ ಹತ್ತಾಗಿತ್ತು. ತಾಳೆ ನೋಡುವುದನ್ನು ಉಸಿರು ಬಿಡದೆ ಮುಗಿಸಿ, ಮೂರು ಚೀಟಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಸೂಚಿಯಮ್ಮ ಪ್ರಕಾಶನಕ್ಕೆ ಓಡಿದಳು. ನಿಜವಾಗಿಯೂ ಓಡಿದಳು. ನಲವತ್ತೈದರ ಹೆಂಗಸು ಬೀದಿಯಲ್ಲಿ ಹಾಗೆ ಓಡುವುದನ್ನು ಆ ಕಟಿಂಗ್ ಶಾಪಿನವನೂ ಬಾಚಣಿಗೆ ಹಿಡಿದು ಬಾಗಿಲಿಗೆ ಬಂದು ನೋಡಿದ.

ಸಂಪಾದಕರಿಗೆ ಕತ್ತರಿ ಎಂಬ ಅಡ್ಡಹೆಸರು. ಹೆಚ್ಚಿನ ಮಾತು ಕಂಡರೆ ಕೈ ತಡೆಯದು, ಕಚಕ್. ಮೇಜಿನ ತುಂಬ ಕಾನೂನು ಸಂಪುಟದ ಅಚ್ಚಾದ ಹಾಳೆಗಳು, ಇನ್ನೂ ಶಾಯಿಯ ವಾಸನೆ. ಅವಳು ಏದುಸಿರು ಬಿಡುತ್ತಾ ಮೂರು ಚೀಟಿ ಇಟ್ಟು ಕಥೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಅದ್ಭುತ. ಆದರೆ ಏನು ಮಾಡೋಕಾಗುತ್ತಮ್ಮ? 212ನೇ ಪುಟ ಅಚ್ಚಾಗಿ ಮೂರು ದಿನ ಆಯ್ತು. ಸಾವಿರ ಪ್ರತಿ. ಇನ್ನು ಉಳಿದಿರೋದು ಕೊನೇ ಫಾರಂ ಒಂದೇ, ಹದಿನಾರು ಪುಟ. ಅದು ಬರೀ ನಿನ್ನ ಸೂಚಿ."

"ಅದಕ್ಕೇ ಬಂದಿದ್ದು ಸಾರ್. ಸೂಚಿಯಲ್ಲಿ ಹಾಕೋಣ."

"ಏನು ಹಾಕ್ತೀಯ? ಸೂಚಿ ತನ್ನ ಪುಸ್ತಕದ ಒಳಗೆ ದಾರಿ ತೋರಿಸಬೇಕು. ಇದನ್ನೂ ನೋಡಿ ಅಂದ್ರೆ ಇದೇ ಪುಸ್ತಕದಲ್ಲಿ ನೋಡಿ ಅಂತ. ಪಕ್ಕದ ಪುಸ್ತಕಕ್ಕೆ ಯಾರೂ ಕಳಿಸಲ್ಲ. ಐವತ್ತು ವರ್ಷದಲ್ಲಿ ಈ ಮನೆಯಿಂದ ಅಂಥ ಒಂದು ಸೂಚಿ ಹೊರಬಿದ್ದಿಲ್ಲ. ಅದನ್ನ ನನಗೆ ಕಲಿಸಿದ್ದೇ ನೀನು, ಮರೆತ್ಯಾ?"

ಮಾತು ನಿಜ. ಹೊಸಬರು ಯಾರಾದರೂ ಹಾಗೆ ಮಾಡಿದರೆ ಚೀಟಿ ಹರಿದು ಕೈಗೆ ಕೊಡುತ್ತಿದ್ದವಳು ಇವಳೇ. ಆದರೂ ಇವತ್ತು ಹಟ ಬಿಡುವ ಮಾತೇ ಇರಲಿಲ್ಲ.

"ಮರೆತಿಲ್ಲ ಸಾರ್. ಕಾನೂನು ಓದೋವರು ವೈದ್ಯಕೀಯ ತೆಗೆದು ನೋಡಲ್ಲ, ವೈದ್ಯಕೀಯ ಓದೋವರು ಕಾನೂನು ಮುಟ್ಟಲ್ಲ. ಐದು ಸಂಪುಟ ಒಂದೇ ಕಪಾಟಿನಲ್ಲಿ ಒಂದಕ್ಕೊಂದು ಒರಗಿಕೊಂಡು ನಿಲ್ತವೆ. ಒಂದರಲ್ಲಿ ನಮ್ಮಪ್ಪ ಸುಳ್ಳುಗಾರ, ಇನ್ನೊಂದರಲ್ಲಿ ನಮ್ಮಪ್ಪ ಹೇಳಿದ್ದು ಅಕ್ಷರ ಅಕ್ಷರ ನಿಜ. ಇಷ್ಟು ಹತ್ತಿರ ಇದ್ದೂ ಯಾರಿಗೂ ಗೊತ್ತಾಗಲ್ಲ ಅಂದ್ರೆ ಇಷ್ಟೆಲ್ಲ ಅಚ್ಚು ಹಾಕಿ ಏನು ಬಂತು? ಸೇರಿಸೋಕೆ ಇರೋದು ಇದೊಂದೇ ಜಾಗ. ನನಗೆ ಒಂದು ಸಾಲು ಕೊಡಿ."

ಕತ್ತರಿಯವರು ಗಡಿಯಾರ ನೋಡಿದರು. ಹನ್ನೊಂದೂ ಮುಕ್ಕಾಲು. ಕೆಳಗಿನಿಂದ ಅಚ್ಚುಮನೆಯ ಮೇಸ್ತ್ರಿ ಕೂಗಿದ, "ಸಾರ್, ಕೊನೇ ಫಾರಂ ಕಳಿಸ್ತೀರಾ, ಮಷೀನ್ ಆಫ್ ಮಾಡ್ಲಾ?"

"ತಡಿಯೋ ಮಾರಾಯ, ಹತ್ತು ನಿಮಿಷ!" ಎಂದು ಅವರೂ ಕೂಗಿದರು. ಆಮೇಲೆ ಅವಳತ್ತ ತಿರುಗಿದರು. "ಬರಿ, ನೋಡೋಣ."

ಅವಳು ಬರೆದಳು: 'ಕಾಲ್ಪನಿಕ ವೈದ್ಯೆ, 212. ಈ ಮಾತು ಸುಳ್ಳು. ಬಡ ಕಾರ್ಮಿಕರ ಬಾಯಿ ಮುಚ್ಚಿಸಲು ಮಾಡಿದ ಅನ್ಯಾಯ. ಇದನ್ನೂ ನೋಡಿ: ವೈದ್ಯಕೀಯ ಸಂಪುಟ, 87–94.'

ಕಚಕ್! ಸುಳ್ಳು ಹೋಯಿತು, ಅನ್ಯಾಯ ಹೋಯಿತು. "ಸೂಚಿಗೆ ಸಿಟ್ಟು ಬರಬಾರದು, ತಿಳೀತಾ?" ಎಂದರು. ಪೆನ್ನು ಗಾಳಿಯಲ್ಲೇ ನಿಂತಿತು. ಇದ್ದಕ್ಕಿದ್ದಂತೆ ಅವರ ಮೀಸೆ ಅಲುಗತೊಡಗಿತು. ಕೆಳಗೆ ತಾವೇ ಒಂದು ಸಾಲು ಗೀಚಿ ಅವಳತ್ತ ತಳ್ಳಿದರು.

'ಕಾಲ್ಪನಿಕ ವೈದ್ಯೆ, 212. ಇದನ್ನೂ ನೋಡಿ: ವೈದ್ಯಕೀಯ ಸಂಪುಟ, 87–94, ಹಾಗೂ ಅದೇ ಸಂಪುಟದ ಮುಖಪುಟ, ಲೇಖಕಿಯ ಹೆಸರು.'

ಸೂಚಿಯಮ್ಮ ಓದಿ ಹೋ ಎಂದು ನಕ್ಕುಬಿಟ್ಟಳು. ಕತ್ತರಿಯವರೂ ನಕ್ಕರು, ಹೊಟ್ಟೆ ಹಿಡಿದುಕೊಂಡು. ಆ ಮನುಷ್ಯ ಹಾಗೆ ನಕ್ಕದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಹಾಳೆ ಹಿಡಿದು ಅವಳೇ ಮೆಟ್ಟಿಲಿಳಿದು ಓಡಿದಳು. ಹನ್ನೆರಡೂ ಹತ್ತಕ್ಕೆ ಯಂತ್ರ ಶುರುವಾಯಿತು.

ಸಂಜೆ ಒಂದು ಒದ್ದೆ ಹಾಳೆಯನ್ನು ಮನೆಗೆ ತಂದು ಅಪ್ಪನ ಮಡಿಲಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. "ಅಪ್ಪಾ, ನಾನೂ ನಿಮ್ಮನ್ನ ಪೂರ್ತಿ ನಂಬಿರಲಿಲ್ಲ. ಕ್ಷಮಿಸಿಬಿಡಿ," ಎಂದೂ ಹೇಳಿದಳು. ಅಪ್ಪ ಭೂತಗನ್ನಡಿ ಹಿಡಿದು ಆ ಸಾಲಿನ ಮೇಲೆ ಬೆರಳಾಡಿಸಿದ. ಅವಳ ತಲೆಯ ಮೇಲೆ ಕೈಯಿಟ್ಟು ಕೂತಿದ್ದ, ಅಷ್ಟೆ. ಕೊನೆಗೆ ಗಲ್ಲ ಸವರಿಕೊಂಡು ಕೇಳಿದ.

"ಹತ್ತೂವರೆ ಬಸ್ಸು ಅಂದ್ಯಾ? ಹಾಗಾದ್ರೆ ನಾಳೆ... ಒಂದು ಶೇವಿಂಗ್ ಮಾಡಿಸ್ಕೋಬೇಕು."

ಮರುದಿನ ಹತ್ತೂ ಕಾಲಿಗೆ ಅಪ್ಪ ಮನೆಯಿಂದ ಹೊರಟ. ಮೂರು ಬೀದಿ ಆಚೆಗೆ ಹೋಗಲಿಲ್ಲ. ಬೀದಿ ತುದಿಗೆ ಹೋದ, ಆ ಅಂಗಡಿಯ ಮೆಟ್ಟಿಲು ಹತ್ತಿದ, ಕುರ್ಚಿಯಲ್ಲಿ ಕೂತ. ಸೂಚಿಯಮ್ಮ ಬಾಗಿಲಲ್ಲೇ ನಿಂತಳು. ಕಟಿಂಗ್ ಶಾಪಿನವನಿಗೆ ದಿಗಿಲೋ ಖುಷಿಯೋ, ಕೈಯಲ್ಲಿದ್ದ ಟವೆಲು ಕೆಳಗೆ ಬಿತ್ತು. ಮೂವತ್ತೆರಡು ವರ್ಷದ ಮೇಲೆ ಬಂದ ಗೆಳೆಯನಿಗೆ ಏನು ಹೇಳಬೇಕೋ ತೋಚದೆ, ನೊರೆ ಹಚ್ಚುತ್ತಾ, ಬಾಯಿಗೆ ಬಂದ ಹಳೇ ಮಾತನ್ನೇ ಆಡಿಬಿಟ್ಟ.

"ಏನಪ್ಪಾ, ಡಾಕ್ಟರಮ್ಮ ಬಂದ್ರಾ?"

"ಇನ್ನೂ ಇಲ್ಲ," ಎಂದ ಅಪ್ಪ ಕನ್ನಡಿ ನೋಡುತ್ತಾ. "ಹತ್ತೂವರೆ ಬಸ್ಸಿಗೆ ಬರ್ತಾರೆ."

ಕಾದು ಕೂತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಕಟಿಂಗ್ ಶಾಪಿನವನೂ ನಕ್ಕ, ಆದರೆ ಬಾಗಿಲಲ್ಲಿ ನಿಂತ ಮಗಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

ಹತ್ತೂ ಮುಕ್ಕಾಲಿಗೆ ಬೀದಿಯಲ್ಲಿ ಒಬ್ಬ ಮುದುಕಿ ಬಂದರು. ಬೆನ್ನು ಸ್ವಲ್ಪ ಬಾಗಿತ್ತು, ನಡಿಗೆ ಚುರುಕಾಗಿತ್ತು. ಒಂದು ಕೈಯಲ್ಲಿ ಚರ್ಮದ ಚೀಲ, ಇನ್ನೊಂದರಲ್ಲಿ ವಿಳಾಸದ ಚೀಟಿ. ನೇರ ಅಂಗಡಿಗೇ ಬಂದು ಕತ್ತಿ ಹಿಡಿದವನನ್ನು ಕೇಳಿದರು.

"ಏನಪ್ಪಾ, ಇಲ್ಲಿ ಹಳೇ ನೂಲಿನ ಗಿರಣೀಲಿ ಕೆಲಸ ಮಾಡ್ತಿದ್ದವರ ಮನೆ ಎಲ್ಲಿ? ನಾನು ಡಾಕ್ಟರು. ಮೂವತ್ತೆರಡು ವರ್ಷದ ಹಿಂದೆ ಒಬ್ಬರಿಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೆ."

ಕಟಿಂಗ್ ಶಾಪಿನವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅಪ್ಪ ಕುರ್ಚಿಯಿಂದ ಎದ್ದ. ಅರ್ಧ ಮುಖಕ್ಕೆ ನೊರೆ, ಕೊರಳಿಗೆ ಬಿಳಿ ಬಟ್ಟೆ. ಶಾಲೆಯಲ್ಲಿ ಹಾಜರಿ ಹೇಳುವವನಂತೆ ಕೈ ಎತ್ತಿದ.

"ಹನ್ನೊಂದನೇ ನಂಬರು," ಎಂದ.

ವೈದ್ಯೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನ ಎದೆಯ ಸುಂಯ್ ಸದ್ದು ಅಂಗಡಿಗೆಲ್ಲ ಕೇಳುತ್ತಿತ್ತು. ಚೀಲದಿಂದ ಹಳೆಯ ಟಿಪ್ಪಣಿ ಪುಸ್ತಕ ತೆಗೆದು, ಗುರುತಿಟ್ಟ ಪುಟ ಬಿಚ್ಚಿದರು.

"ನೀವು ಒಂದು ಪ್ರಶ್ನೆ ಕೇಳಿದ್ರಿ. ಲೆಕ್ಕ ಅವತ್ತೇ ರಾತ್ರಿ ಹಾಕಿದ್ದೆ, ಬಂದು ಹೇಳೋಕೆ ಬಿಡಲಿಲ್ಲ," ಎಂದರು. ಪುಟದ ಮೇಲೆ ಬೆರಳಿಟ್ಟು ಓದಿದರು. "ಫೇಲು. ನಿಮ್ಮ ಎದೆ ಅವಾಗಲೇ ಫೇಲಾಗಿತ್ತು. ಅದೂ ಆ ದೂಳಿನಿಂದಲೇ. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಜನ ಫೇಲು."

ಅಪ್ಪನ ಮುಖದ ಮೇಲೆ ನೊರೆಯ ನಡುವೆ ಕಣ್ಣೀರು ಇಳಿಯಿತು. ಅವನು ಗೆಳೆಯನ ಭುಜ ಹಿಡಿದು ಅಲ್ಲಾಡಿಸಿದ. ಅಷ್ಟು ಉಸಿರು ಅವನಲ್ಲಿ ಎಲ್ಲಿ ಉಳಿದಿತ್ತೋ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ.

"ಕೇಳಿಸ್ಕೊಂಡ್ಯೇನೋ? ಫೇಲಂತೆ ಕಣೋ! ನಾನು ಫೇಲಂತೆ!"

ಕಟಿಂಗ್ ಶಾಪಿನವನು ಕೆಳಗೆ ಬಿದ್ದಿದ್ದ ಟವೆಲು ಎತ್ತಿ ಕೊಡವಿ, ಅಂಗಡಿಯ ಒಳ್ಳೆಯ ಕುರ್ಚಿಯನ್ನು ಎರಡೆರಡು ಸಲ ಒರೆಸಿ, "ಕೂತ್ಕೊಳ್ಳಿ ಡಾಕ್ಟರಮ್ಮ," ಎಂದ.